ಸ್ಟೆಪ್ನಿಯ ಕೆಳಗಿನ ಬೆಸುಗೆ

ಆಟ್‌ಬಾಶಿ
ಜುಲೈ 19, ಶುಕ್ರವಾರ

ಅಕ್ಮೂರ್‌ಳ ಅಪ್ಪನಿಗೆ, ಮನೆಯಿಂದ ಜಾಂಗಿಲ್ ಮಾಡುವ ಸಲಾಮು.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಬೆಟ್ಟದ ಮೇಲಿನ ನಿಮ್ಮ ಹವಾಮಾನ ಠಾಣೆಯಲ್ಲಿ ಈ ಜುಲೈನಲ್ಲೂ ಹಿಮ ಬಿದ್ದಿತೆಂದು ಸಾಮಾನಿನ ಟ್ರಕ್ಕಿನ ಚಾಲಕ ಹೇಳಿದ. ಅವನ ಮಾತನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ. ಹೋದ ಸಲ ಅವನ ಕೈಯಲ್ಲಿ ಕಳಿಸಿದ ಬೆಣ್ಣೆ ಡಬ್ಬಿ ನಿಮಗೆ ತುಂಬಿಯೇ ಸೇರಿತೇ, ಅರ್ಧವೇ ಎಂಬುದನ್ನು ತಪ್ಪದೆ ಬರೆಯಿರಿ. ಈ ಸಲ ಮುಚ್ಚಳದ ಸುತ್ತ ಬಟ್ಟೆ ಸುತ್ತಿ ಹೊಲಿದಿದ್ದೇನೆ. ಹೊಲಿಗೆ ಕೆಂಪು ದಾರದ್ದು. ಬೇರೆ ಬಣ್ಣ ಕಂಡರೆ ಯಾರೋ ಬಿಚ್ಚಿದ್ದಾರೆ ಎಂದೇ ಅರ್ಥ. ನಗಬೇಡಿ. ನೆರಳು ಕಂಡರೂ ಯಾರ ನೆರಳು ಅಂತ ವಿಚಾರಣೆ ಮಾಡೋಳು ನೀನು ಅಂತ ನೀವು ಯಾವಾಗಲೂ ಹಾಸ್ಯ ಮಾಡುತ್ತಿದ್ದಿರಿ. ಈ ಪತ್ರ ಓದಿ ಮುಗಿಸಿದ ಮೇಲೆ ಹಾಸ್ಯ ಮಾಡುವುದಾದರೆ ಮಾಡಿ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಗೆ ಮೊಣಕಾಲು ನೋವು ಇದ್ದೇ ಇದೆ, ಅದರ ಜೊತೆಗೆ ನಾಲಿಗೆಯೂ ಇದ್ದೇ ಇದೆ. ಅಕ್ಮೂರ್‌ಗೆ ಮುಂದಿನ ಎರಡು ಹಲ್ಲು ಬಿದ್ದು, ‘ಸ’ ಅನ್ನಲು ಹೋದರೆ ಗಾಳಿ ಬರುತ್ತದೆ. ಜೇನುಪೆಟ್ಟಿಗೆಗಳೆಲ್ಲ ಮೇಲಿನ ಹೊಲ ಸೇರಿವೆ. ಆದರೆ ನಿಮ್ಮ ಜಪಾನಿ ವ್ಯಾಗನ್ ಇನ್ನಿಲ್ಲ. ಯಾರೂ ಕದ್ದಿಲ್ಲ, ಕಣಿವೆಗೂ ಬಿದ್ದಿಲ್ಲ. ಇದನ್ನು ರೇಡಿಯೊದಲ್ಲಿ ಹೇಳಿಸೋಣವೆಂದರೆ, ನಿಮ್ಮ ಠಾಣೆಯ ರೇಡಿಯೊಗೆ ಕಿವಿಗೊಟ್ಟು ಕೂತವರು ಅರ್ಧ ಜಿಲ್ಲೆಯೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದಿ.

ನೀವು ಹೊರಡುವಾಗ ಕಲಿಸಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದೆ. ಬೆಳಿಗ್ಗೆ ಕಡ್ಡಿ ಎಳೆದು ಎಂಜಿನ್ನಿನ ಆಯಿಲ್ ನೋಡುವುದು, ಗೇರ್‌ಪೆಟ್ಟಿಗೆಯ ಆಯಿಲ್ ಬೆರಳಿಗೆ ಹಚ್ಚಿ ಸುಟ್ಟ ವಾಸನೆ ಇದೆಯೇ ಎಂದು ಮೂಸುವುದು, ಧೂಳು ತುಂಬಿದ ಏರ್ ಫಿಲ್ಟರನ್ನು ಕಂಬಕ್ಕೆ ಬಡಿದು ಕೊಡವುವುದು, ಹಿಂದಿನ ಚಕ್ರಗಳಿಗೆ ಮುಂದಿನದಕ್ಕಿಂತ ತುಸು ಹೆಚ್ಚು ಗಾಳಿ ತುಂಬುವುದು. ಬೀಗದ ಕೈ ತಿರುಗಿಸಿದೊಡನೆ ಒಳಗಿನ ಪೆಟ್ಟಿಗೆಯಿಂದ ಜಪಾನಿ ಹೆಂಗಸಿನ ದನಿ ಏನೋ ಹೇಳುತ್ತದಲ್ಲ, ಅದಕ್ಕೆ ಅತ್ತೆ ದಿನವೂ “ವಾಲೈಕುಂ ಸಲಾಂ, ನಿನ್ನ ಗಂಡ ಮಕ್ಕಳು ಚೆನ್ನಾಗಿದ್ದಾರಾ?” ಎಂದು ಉತ್ತರ ಕೊಡುತ್ತಿದ್ದರು. ಆ ಹೆಂಗಸಿನ ಜೊತೆಗಿದ್ದಷ್ಟು ಸಲಿಗೆ ಅತ್ತೆಗೆ ನನ್ನ ಜೊತೆ ಇರಲಿಲ್ಲ. ಸ್ಟಿಯರಿಂಗ್ ಬಲಗಡೆ ಇರುವ ಗಾಡಿ, ನಮ್ಮಲ್ಲಿ ಓಡಿಸುವುದೂ ರಸ್ತೆಯ ಬಲಗಡೆಯೇ. ಮುಂದೆ ಲಾರಿ ಅಡ್ಡವಿದ್ದರೆ ಎಡಗಡೆ ಕೂತವರು ಇಣುಕಿ ಹೇಳದೆ ಓಡಿಸುವವರಿಗೆ ಏನೂ ಕಾಣಿಸುವುದಿಲ್ಲ. ಅತ್ತೆ ಎಡಗಡೆ ಕೂತು ಒಂದೇ ಒಂದು ಸಲವಾದರೂ “ಹೋಗು” ಎಂದದ್ದಿಲ್ಲ. ರಸ್ತೆ ಖಾಲಿ ಬಿದ್ದಿದ್ದರೂ “ನಿಲ್ಲು”. ಲಾರಿಯ ಹೊಗೆ ಕುಡಿಯುತ್ತ ಊರವರೆಗೂ ಅದರ ಹಿಂದೆಯೇ ಬರುತ್ತಿದ್ದೆ. ನನ್ನನ್ನು ಕಾಡಿಸುವುದೇ ಇವರ ಉದ್ದೇಶ ಅಂದುಕೊಂಡೆ.

ಅನುಮಾನ ಗಟ್ಟಿಯಾದದ್ದು ಟ್ರೇಲರ್ ವಿಷಯದಲ್ಲಿ. ಮೇಲಿನ ಹೊಲಗಳಲ್ಲಿ ಎಸ್ಪರ್ಸೆಟ್ ಮೇವು ಹೂ ಬಿಡುವ ಹೊತ್ತಿಗೆ ಪೆಟ್ಟಿಗೆಗಳನ್ನು ಸಾಗಿಸದಿದ್ದರೆ ನಮ್ಮ ಬಿಳಿ ಜೇನು ಎಲ್ಲಿಂದ ಬರಬೇಕು? ಅದಕ್ಕೆಂದೇ ತಾನೇ ನಾವು ಕೊಂಡಿಯಿರುವ ವ್ಯಾಗನ್ ಬೇಕೆಂದು ಹುಡುಕಿದ್ದು? ಆದರೆ ನಾನು ಟ್ರೇಲರ್ ಸಿಕ್ಕಿಸಲು ಹೋದಾಗಲೆಲ್ಲ ಅತ್ತೆಗೆ ಒಂದು ಕಾರಣ. ಮಂಗಳವಾರ ಬೇಡ, ಕೆಟ್ಟ ವಾರ. ಬುಧವಾರ ಕನಸಿನಲ್ಲಿ ಮಾವ ಬಂದು ತಲೆ ಅಲ್ಲಾಡಿಸಿದರು. ಇನ್ನೊಂದು ದಿನ ಬೀಗದ ಕೈಯೇ ಮಾಯ. ಹುಡುಕಿ ಹುಡುಕಿ ಸಾಕಾಗಿ ರೊಟ್ಟಿ ತಟ್ಟಲು ಕೂತರೆ ಹಿಟ್ಟಿನ ಚೀಲದಲ್ಲಿ ಸಿಕ್ಕಿತು. “ಇಲಿ ಹೊತ್ಕೊಂಡು ಹೋಗಿರ್ಬೇಕು” ಎಂದರು, ಮುಖದ ಒಂದು ಗೆರೆಯೂ ಅಲುಗದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಟ್ರೇಲರಿನ ತುಂಬ ಸಗಣಿ ಬೆರಣಿ ಒಟ್ಟಿದ್ದಾರೆ, ಒಣಗಲೆಂದು! ಮೊಣಕಾಲು ನೋವಿನ ಹೆಂಗಸು ಅಷ್ಟೊಂದು ಬೆರಣಿಯನ್ನು ಯಾವಾಗ ಹೊತ್ತರೋ. ಸೊಸೆ ಜೇನು ಮಾರಿ ತನ್ನ ಕಾಲ ಮೇಲೆ ನಿಂತರೆ ತಮ್ಮ ಮಾತು ನಡೆಯುವುದಿಲ್ಲ ಎಂಬ ಹೊಟ್ಟೆಕಿಚ್ಚು ಇದು ಎಂದು ತೀರ್ಮಾನಿಸಿದೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಹೇಳಬಾರದ್ದನ್ನೂ ಹೇಳಿದೆ. ಅವರು ಉಣ್ಣೆ ನೂಲುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

ಮೇ ತಿಂಗಳಲ್ಲಿ ಅವರು ತಿಥಿಯ ಊಟಕ್ಕೆಂದು ಪಕ್ಕದ ಊರಿಗೆ ಹೋದ ದಿನ ಸಮಯ ಸಾಧಿಸಿ ಟ್ರೇಲರ್ ಕಟ್ಟಿ, ಪೆಟ್ಟಿಗೆಗೆ ಬೇಕಾದ ಹಲಗೆ ತಂದೆ. ತೂಕ ಏನೂ ಹೆಚ್ಚಿರಲಿಲ್ಲ. ಹಳ್ಳದ ಇಳಿಜಾರಿನಲ್ಲಿ ಹಿಂದಿನಿಂದ ಕಿರ್ರೋ ಎಂಬ ಸದ್ದು ಬಂತು. ಮನೆಗೆ ಬಂದು ನೋಡಿದರೆ ಹಿಂಬಾಗಿಲು ಮುಚ್ಚುತ್ತಿಲ್ಲ. ಟ್ರೇಲರ್ ಬಿಚ್ಚಿದರೆ ಮುಚ್ಚುತ್ತದೆ, ಸಿಕ್ಕಿಸಿದರೆ ಇಲ್ಲ. ಬಿಜಾಗರಿ ಸಡಿಲವಾಗಿದೆ ಎಂದುಕೊಂಡು ಮೆಕ್ಯಾನಿಕ್ ಕಚ್ಕಿನ್ ಅಣ್ಣನ ಗ್ಯಾರೇಜಿಗೆ ಬಿಟ್ಟು ಬಂದೆ. ಅವನು ಅಡಿಗೆ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು, “ಒಂದು ವಾರ ಇಲ್ಲೇ ಇರ್ಲಿ ಸೊಸೆ” ಎಂದ. ಊರಿಗೆ ಮದುವೆಯಾಗಿ ಬಂದವರೆಲ್ಲ ಅವನಿಗೆ ಸೊಸೆಯರೇ ತಾನೇ. ಮರುದಿನವೇ ಅತ್ತೆ ಕೆನೆಯ ಕುಡಿಕೆ ಹಿಡಿದು ಅವನ ಗೇಟಿನ ಬಳಿ ನಿಂತು ಪಿಸಪಿಸ ಮಾತಾಡುತ್ತಿದ್ದುದನ್ನು ಕಂಡೆ. ನನ್ನನ್ನು ಕಂಡೊಡನೆ ಇಬ್ಬರೂ ಹವಾಮಾನದ ವಿಷಯ ಎತ್ತಿದರು. ಹವಾಮಾನದವನ ಹೆಂಡತಿಯ ಎದುರು! ವಾರದ ಮೇಲೆ ಗಾಡಿ ಬಂತು. ಹಿಂಬಾಗಿಲು ಸರಿಯಾಗಿ ಮುಚ್ಚುತ್ತಿತ್ತು, ಆದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯೇ ಇರಲಿಲ್ಲ. ಕೇಳಿದರೆ “ಸೀಳು ಬಿಟ್ಟಿತ್ತು, ರಿಪೇರಿಗೆ ಕಳಿಸಿದ್ದೀನಿ” ಎಂದ. ಎಲ್ಲಿಗೆ? “ದೂರಕ್ಕೆ.”

ಜೂನ್ ಕಳೆಯಿತು, ಕೊಂಡಿ ದೂರದಿಂದ ಬರಲಿಲ್ಲ. ಗುಡ್ಡದ ಮೇಲೆ ಎಸ್ಪರ್ಸೆಟ್ ಹೂ ಬಿಟ್ಟು ಇಡೀ ಇಳಿಜಾರು ಗುಲಾಬಿಯಾಯಿತು. ನನ್ನ ಹುಳುಗಳು ಅಂಗಳದಲ್ಲಿ ಕಸದ ಹೂವಿಗೆ ಮುತ್ತಿಕೊಂಡಿದ್ದವು. ಕೊನೆಗೆ ಸಂತೆಯಲ್ಲಿ ಒಂದು ಹಳೆಯ ಕೊಂಡಿ ಕೊಂಡು ತಂದು, ನಾನೇ ಹಾಕುತ್ತೇನೆ ಎಂದು ಸ್ಪ್ಯಾನರ್ ಹಿಡಿದು ಕೂತೆ. ಅತ್ತೆ ಹಸು ಕಟ್ಟಲು ಹೋಗಿದ್ದರು. ಬೋಲ್ಟು ಕೂರಿಸಲು ತೂತು ಎಲ್ಲಿದೆ ಎಂದು ಹಿಂದಿನ ಕಾರ್ಪೆಟ್ ಕಿತ್ತೆ, ಸ್ಟೆಪ್ನಿ ಎತ್ತಿ ಹೊರಗಿಟ್ಟೆ. ಅದರ ಕೆಳಗೆ ಟಾರಿನಂಥದ್ದನ್ನು ದಪ್ಪಗೆ ಮೆತ್ತಿದ್ದರು. ಕೆರೆದರೆ ಹಕ್ಕಳೆಯಾಗಿ ಎದ್ದು ಬಂತು. ಅಡಿಯಲ್ಲಿ ಬೆಸುಗೆ. ಈ ಪಕ್ಕದಿಂದ ಆ ಪಕ್ಕದವರೆಗೆ, ಗಾಯಕ್ಕೆ ಹಾಕಿದ ಹೊಲಿಗೆಯ ಹಾಗೆ ಉಬ್ಬುತಗ್ಗಾಗಿ. ಬೆಸುಗೆಯ ಈಚೆ ತಗಡು ಬೆಳ್ಳಿಯ ಬಣ್ಣ, ಆಚೆ ಹಸಿರು. ಬೆರಳ ತುದಿ ಒಂದು ಕಡೆ ಬಿರುಕಿನೊಳಗೆ ಹೋಯಿತು. ಬಗ್ಗಿ ನೋಡಿದರೆ ಅದರಲ್ಲಿ ಅಂಗಳದ ಹುಲ್ಲು ಕಾಣುತ್ತಿತ್ತು.

ನನಗೆ ಏನು ಹೊಳೆದಿರಬಹುದು, ನೀವೇ ಯೋಚಿಸಿ. ಕಚ್ಕಿನ್ ಒಂದು ವಾರ ಗಾಡಿ ಇಟ್ಟುಕೊಂಡ. ನನ್ನ ಒಳ್ಳೆಯ ಜಪಾನಿ ಕಾರಿನ ಹಿಂಭಾಗ ಕತ್ತರಿಸಿ ಮಾರಿಕೊಂಡು, ಯಾವುದೋ ಹಸಿರು ಗಾಡಿಯ ಬಾಲ ಅಂಟಿಸಿ ಕೊಟ್ಟಿದ್ದಾನೆ, ಅತ್ತೆಗೂ ಅದರಲ್ಲಿ ಪಾಲಿದೆ! ಅಂದು ಭಾನುವಾರ, ದನದ ಸಂತೆ. ಅವನ ಗ್ಯಾರೇಜಿನ ಮುಂದೆ ಊರಿಗೆ ಊರೇ ನೆರೆದಿತ್ತು. ನಾನು ಸ್ಪ್ಯಾನರ್ ಹಿಡಿದೇ ಹೋದೆ. “ಕಳ್ಳಾ, ನನ್ನ ಅರ್ಧ ಕಾರು ಎಲ್ಲಿ?” ಎಂದು ಕೂಗಿದೆ. ಕುರಿ ಹಿಡಿದು ನಿಂತವನೊಬ್ಬ, “ಅಕ್ಕಾ, ಇಡೀ ಕಾರು ಕದಿಯೋದು ಗೊತ್ತು, ಅರ್ಧ ಕದಿಯೋದು ಹ್ಯಾಗೆ ಅಂತ ಸ್ವಲ್ಪ ಹೇಳಿಕೊಡು” ಎಂದ. ಜನ ಗೊಳ್ಳೆಂದು ನಕ್ಕರು. ಕಚ್ಕಿನ್ ನಗಲಿಲ್ಲ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಇಷ್ಟು ವರ್ಷ ಈ ಊರಲ್ಲಿ ಬದುಕಿದ್ದೀನಿ, ಕಳ್ಳ ಅನ್ನಿಸ್ಕೊಂಡಿರ್ಲಿಲ್ಲ. ಮನೆಗೆ ಹೋಗು ಸೊಸೆ. ಅತ್ತೇನ ಕೇಳು” ಎಂದಷ್ಟೇ ಹೇಳಿ ಗ್ಯಾರೇಜಿನ ಬಾಗಿಲು ಎಳೆದುಕೊಂಡ.

ಅತ್ತೆ ಅಂಗಳದಲ್ಲಿ ಆ ಸ್ಟೆಪ್ನಿಯ ಮೇಲೆಯೇ ಕೂತಿದ್ದರು. “ನೋಡ್ಬಿಟ್ಯಾ?” ಎಂದರು. ಆಮೇಲೆ ನೀವು ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದನ್ನೆಲ್ಲ ಹೇಳಿದರು. ವಸಂತದಲ್ಲಿ ಸೈಲೆನ್ಸರ್ ಹಾಕಿಸಲು ಹೋದಾಗ ಕಚ್ಕಿನ್ ನಿಮಗೆ ಈ ಬೆಸುಗೆ ತೋರಿಸಿದನಂತೆ. ಗಡಿಯ ಸುಂಕ ತಪ್ಪಿಸಲು ಕಾರನ್ನು ಎರಡಾಗಿ ಕಡಿದು ಬಿಡಿಭಾಗ ಎಂದು ತರುತ್ತಾರಂತೆ, ಇಲ್ಲಿ ಸಿಕ್ಕಿದ ಮುಂಭಾಗಕ್ಕೆ ಸಿಕ್ಕಿದ ಹಿಂಭಾಗ ಸೇರಿಸಿ ಮಾರುತ್ತಾರಂತೆ. ಸುಮ್ಮನೆ ಓಡಿಸಿದರೆ ಹೇಗೋ ತಡೆದೀತು, ಟ್ರೇಲರ್ ಎಳೆಯಲು ಹೋದರೆ ಎಂದಾದರೊಂದು ದಿನ ಇಳಿಜಾರಿನಲ್ಲಿ ಎರಡಾಗುತ್ತದೆ ಎಂದನಂತೆ. ನೀವು ಹೊರಡುವ ಹಿಂದಿನ ದಿನ ತಾಯಿಯ ಮುಂದೆ ಕೂತು ಅತ್ತಿರಂತೆ. ಸೈನ್ಯದಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ ಸಮಗಾನ್ ಈ ಕಾರು ಮಾರಿ ಹೀಗೆ ಮೋಸ ಮಾಡಿದ ಎಂದು ಹೆಂಡತಿಗೆ ಹೇಗೆ ಹೇಳಲಿ, ಅವಳು ಮೊದಲೇ ಅವನನ್ನು ನಂಬಬೇಡ ಅಂದಿದ್ದಳು ಅಂದಿರಂತೆ. “ಅವಳು ಟ್ರೇಲರ್ ಕಟ್ಟದ ಹಾಗೆ ನೋಡ್ಕೋ ಅಮ್ಮಾ ಅಂದ. ಹ್ಯಾಗೆ ನೋಡ್ಕೊಳ್ಲಿ ಹೇಳು? ನೀನೇನು ಹೇಳಿದ ಮಾತು ಕೇಳೋಳಾ? ಅದಕ್ಕೇ ಬೆರಣಿ ಹೊತ್ತೆ” ಎಂದರು ಅತ್ತೆ. “ಬೈದೆಯಲ್ಲ, ಬೈಸ್ಕೊಂಡೆ. ಬೈಗುಳಕ್ಕೆ ಯಾರೂ ಸಾಯಲ್ಲ.”

ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಜೋರಾಗಿ ತಿಕ್ಕಿದ್ದಕ್ಕೆ ಅದಕ್ಕೂ ಬೈದರು.

ಮರುವಾರ ಇಬ್ಬರೂ ಬಾಡಿಗೆ ಕಾರಿನಲ್ಲಿ ಘಾಟಿ ದಾಟಿ ರಾಜಧಾನಿಯ ಕಾರು ಸಂತೆಗೆ ಹೋದೆವು. ಅಕ್ಮೂರ್‌ಳನ್ನು ಕಚ್ಕಿನ್ ಅಣ್ಣನ ಹೆಂಡತಿಯ ಬಳಿ ಬಿಟ್ಟೆ. ಅಷ್ಟೆಲ್ಲ ಆದ ಮೇಲೂ ಆಕೆ ಬೇಡವೆನ್ನಲಿಲ್ಲ, ಮಗುವಿನ ಕೈ ಹಿಡಿದುಕೊಂಡಳು, ನನ್ನ ಮುಖ ಮಾತ್ರ ನೋಡಲಿಲ್ಲ. ಸಮಗಾನ್ ನಮ್ಮನ್ನು ಕಂಡು “ಅತ್ತಿಗೇ!” ಎಂದು ತೋಳು ಚಾಚಿಕೊಂಡು ಬಂದ. ಚಹಾ ತರಿಸಿದ, ಮಾಂಸ ತುಂಬಿದ ಬಿಸಿ ಸಂಸಾ ತರಿಸಿದ. ನಾನು ಮುಟ್ಟಲಿಲ್ಲ. ವಿಷಯ ಎತ್ತಿದೊಡನೆ, “ಅದಕ್ಯಾಕೆ ಇಷ್ಟು ದೂರ ಬಂದ್ರಿ? ಗಾಡಿ ವಾಪಸ್ ತಂದ್ಬಿಡಿ, ದುಡ್ಡು ವಾಪಸ್ ತಗೊಳ್ಳಿ. ನಿಮ್ಮ ಎಸೆನ್ ನನ್ನ ಅಣ್ಣ ಇದ್ದ ಹಾಗೆ” ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಅನುಮಾನ. ಆದರೂ ನಿಜ ಹೇಳುತ್ತೇನೆ, ನನ್ನ ಬಾಯಲ್ಲಿ ‘ಆಗಲಿ’ ಎಂಬ ಮಾತು ಬಂದು ನಿಂತಿತ್ತು. ಅಷ್ಟರಲ್ಲಿ ಅತ್ತೆ ಕೇಳಿದರು, “ವಾಪಸ್ ತಗೊಂಡು ಏನ್ಮಾಡ್ತೀಯಪ್ಪಾ ಅದನ್ನ?”

“ಮಾರ್ತೀನಿ ಅಮ್ಮಾ. ಇನ್ನೇನು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?”

“ಯಾರಿಗೆ ಮಾರ್ತೀಯ?”

“ಯಾರು ಕೇಳ್ತಾರೋ ಅವರಿಗೆ.”

ಅವನ ಸಾಲಿನಲ್ಲೇ ಇನ್ನೊಂದು ವ್ಯಾಗನ್, ಬಿಳಿಯದು, ನಿಂತಿತ್ತು. ಗಂಡ ಹೆಂಡತಿ ಇಬ್ಬರು, ಹೊಸದಾಗಿ ಮದುವೆಯಾದವರಿರಬೇಕು, ಅದರ ಸೀಟಿನಲ್ಲಿ ಕೂತು ಎದ್ದು, ಗುಂಡಿ ಒತ್ತಿ ನೋಡಿ ನಗುತ್ತಿದ್ದರು. ಹುಡುಗಿಗೆ ಹೊಟ್ಟೆ ಮುಂದೆ ಬಂದಿತ್ತು. ಅತ್ತೆ ಕೋಲೂರಿಕೊಂಡು ಅಲ್ಲಿಗೆ ಹೋಗಿ, “ಮಗಾ, ಸ್ಟೆಪ್ನಿ ಎತ್ತಿ ನೋಡು. ಅಡಿಯ ಟಾರು ಕೆರೆದು ನೋಡು” ಎಂದರು. ಹುಡುಗ ಬೆಪ್ಪಾಗಿ ಸಮಗಾನ್ ಕಡೆ ತಿರುಗಿದ. “ಏ ಮುದುಕೀ, ನನ್ನ ಹೊಟ್ಟೆ ಮೇಲೆ ಹೊಡೀತೀಯಾ?” ಎಂದು ಸಮಗಾನ್ ಓಡಿ ಬಂದ. ಅಮ್ಮ ಹೋಗಿ ಮುದುಕಿ ಆಗಲು ಅಷ್ಟೇ ಹೊತ್ತು ಬೇಕಾದದ್ದು. ಅತ್ತೆ ಜಗ್ಗಲಿಲ್ಲ, ಆ ಕಾರಿನ ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಬಂದವರಿಗೆಲ್ಲ ಅದೇ ಮಾತು, ಸ್ಟೆಪ್ನಿ ಎತ್ತಿ ನೋಡು. ಆ ಹುಡುಗ ನಿಜವಾಗಿಯೂ ಎತ್ತಿದ. ಏನು ಕಂಡನೋ, ಹೆಂಡತಿಯ ಕೈ ಹಿಡಿದು ಹೊರಟುಹೋದ.

ಆಗ ಸಮಗಾನ್ ಎಲ್ಲರಿಗೂ ಕೇಳುವ ಹಾಗೆ ಕೂಗಿದ. “ಮೋಸ ಅಂತೀರಾ? ನಿಮ್ಮ ಎಸೆನ್‌ಗೆ ನಾನೇ ಎತ್ತಿ ತೋರಿಸಿದ್ದೆ! ಇಡೀ ಕಾರಿಗೆ ಅವನ ಕೈಯಲ್ಲಿ ಆಗ್ತಿರ್ಲಿಲ್ಲ, ಗೊತ್ತಿದ್ದೇ ತಗೊಂಡ. ಹೋಗಿ ಅವನನ್ನೇ ಕೇಳಿ!” ಅತ್ತೆ ಎದ್ದು ನಿಂತು ಅವನ ಕಾಲ ಬಳಿ ಥೂ ಎಂದು ಉಗಿದರು. “ನನ್ನ ಮಗ ನನ್ನ ಮುಂದೆ ಅತ್ತಿದ್ದಾನೆ. ನೀನು ಯಾರ ಮುಂದೆ ಅಳ್ತೀಯೋ ನೋಡ್ಕೋ” ಎಂದರು. ನಾನೂ ಸುಮ್ಮನಿರಲಿಲ್ಲ. ಸುಳ್ಳ, ಲಫಂಗ, ತಿಂದ ಉಪ್ಪಿಗೆ ಎರಡು ಬಗೆದವನು ಎಂದೆಲ್ಲ ಅಂದೆ. ವಾಪಸ್ಸು ಬರುವಾಗ ಘಾಟಿಯುದ್ದಕ್ಕೂ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ನಾನೂ ಕಿಟಕಿಯ ಹೊರಗೆ ನೋಡುತ್ತ ಕೂತೆ. ದುಡ್ಡು ಬಿಟ್ಟು ಬಂದದ್ದಕ್ಕೆ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗಿಯ ಹೊಟ್ಟೆ ಕಣ್ಣ ಮುಂದಿನಿಂದ ಹೋಗುತ್ತಲೂ ಇರಲಿಲ್ಲ.

ಊರಿಗೆ ಬಂದವಳೇ ಕಚ್ಕಿನ್ ಅಣ್ಣನ ಗ್ಯಾರೇಜಿಗೆ ಹೋದೆ. ಸಂತೆಯಲ್ಲಿ ಬೈದವಳು ಮನೆಯ ಹಿಂಬಾಗಿಲಿಂದ ಹೋಗಿ ಕ್ಷಮೆ ಕೇಳಿದರೆ ಆಗುತ್ತದೆಯೇ? ಚಹಾದಂಗಡಿಯ ಮುಂದೆ ಜನ ಕೂತಿದ್ದ ಹೊತ್ತು ನೋಡಿಯೇ ಹೋಗಿ, ಎಲ್ಲರಿಗೂ ಕೇಳುವಂತೆ, “ಅಣ್ಣಾ, ನೀನು ಕಳ್ಳ ಅಲ್ಲ, ನಾನು ತಿಳಿಗೇಡಿ” ಎಂದೆ. ಅವನು ಜಾಕಿ ತಿರುಗಿಸುವುದನ್ನು ನಿಲ್ಲಿಸದೆ, “ಅದು ಊರಿಗೆಲ್ಲ ಗೊತ್ತಿರೋದೇ” ಎಂದ. ಯಾವುದು ಗೊತ್ತಿರುವುದು ಎಂದು ನಾನು ಕೇಳಲಿಲ್ಲ. ಬೆಸುಗೆ ತೋರಿಸಿದಾಗ ನಮ್ಮ ಮನೆಯವರು ಏನೆಂದರು ಎಂದು ಮಾತ್ರ ಕೇಳಿದೆ. “ಏನೂ ಅನ್ಲಿಲ್ಲ. ಸಿಗರೇಟು ಹಚ್ಚಿದ” ಎಂದ. ಪಾಪ, ಆಘಾತಕ್ಕೆ ಮಾತು ಹೊರಡದೆ ಹೋಗಿರಬೇಕು.

ಮೊನ್ನೆ ಶನಿವಾರ ಅವನು ಕಟ್ಟರ್ ತಂದು ನಮ್ಮ ಅಂಗಳದಲ್ಲೇ ಆ ಬೆಸುಗೆಯ ಗುಂಟ ಕಾರನ್ನು ಎರಡು ಮಾಡಿದ. ಎಂಜಿನ್ನು, ಗೇರ್‌ಪೆಟ್ಟಿಗೆ, ಚಕ್ರ ಬಿಡಿಬಿಡಿಯಾಗಿ ತೆಗೆದುಕೊಂಡ, ಅವು ಒಳ್ಳೆಯವೇ, ಯಾರನ್ನೂ ಕೊಲ್ಲುವುದಿಲ್ಲ. ಹಿಂಭಾಗದ ಅಂಚುಗಳನ್ನು ಬಡಿದು ಬಗ್ಗಿಸಿದ, ಮತ್ತೆ ಯಾವ ಮುಂಭಾಗಕ್ಕೂ ಯಾರೂ ಅಂಟಿಸಬಾರದೆಂದು. ಅತ್ತೆ ನಿಂತು ಮಾಡಿಸಿದರು. ಈಗ ಅದು ಹಿತ್ತಿಲಲ್ಲಿದೆ, ಹೊಗೆಡಬ್ಬಿ, ಮುಸುಕು, ಖಾಲಿ ಚೌಕಟ್ಟು ಎಲ್ಲ ಅದರೊಳಗೆ. ಪೆಟ್ಟಿಗೆಗಳನ್ನು ಮುಂಜಾನೆ ಹುಳು ಹೊರಡುವ ಮೊದಲೇ ಅವನ ಹಳೆಯ ಟ್ರಕ್ಕಿನಲ್ಲಿ ಮೇಲಕ್ಕೆ ಸಾಗಿಸಿದೆವು. ಬಾಡಿಗೆ ಬೇಡವೆಂದ. ಹೂವು ಅರ್ಧ ಕಳೆದಿದೆ, ಕೆಳಗಿನ ಹೊಲ ಆಗಲೇ ಕೊಯ್ದಿದ್ದಾರೆ. ಈ ವರ್ಷ ಜೇನು ಕಡಿಮೆಯೇ. ಆದರೂ ನಿನ್ನೆ ಒಂದು ಚೌಕಟ್ಟು ಎತ್ತಿ ನೋಡಿದೆ, ಮೂಲೆಯಲ್ಲಿ ಬಿಳಿ ಜೇನು ಕಟ್ಟತೊಡಗಿದೆ.

ಸಮಗಾನ್ ಹೇಳಿದ್ದನ್ನು ನಾನು ನಂಬಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗೆಳೆಯನಿಂದ ಮೋಸ ಹೋದವನಿಗೆ ಮನೆಯಲ್ಲೂ ಬೈಗುಳ ಯಾಕೆ ಎಂದು ಅತ್ತೆ ಹೇಳುತ್ತಾರೆ, ನಾನೂ ಹೂಂ ಎಂದಿದ್ದೇನೆ. ಚೀಲದಲ್ಲಿ ಮೊಸರು ಒಣಗಿಸಿ ಕಟ್ಟಿದ ಕುರುತ್ ಉಂಡೆಗಳಿವೆ, ಉಪ್ಪು ಜಾಸ್ತಿಯಾಗಿದ್ದರೆ ಅದು ಅತ್ತೆಯ ಕೈ. ಉಣ್ಣೆಯ ಕಾಲುಚೀಲ ಎರಡು ಜೊತೆ, ಬೆಣ್ಣೆ, ಕೆಮ್ಮಿಗೆ ಹೋದ ವರ್ಷದ ಜೇನು. ಒಲೆಯ ಕೊಳವೆಗೆ ಮಸಿ ಕಟ್ಟದಂತೆ ನೋಡಿಕೊಳ್ಳಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿ ಮಲಗಬೇಡಿ. ಅತ್ತೆ ನಿಮ್ಮ ಹಣೆ ಮುಟ್ಟಿ ಹರಸಿದ್ದಾರೆ, ದಾರಿ ಬೆಳಗಲಿ ಎಂದಿದ್ದಾರೆ. ಅಕ್ಮೂರ್ ಬಿದ್ದ ಹಲ್ಲನ್ನು ನಿಮಗೇ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ. ಕಾಲುಚೀಲದ ಒಳಗೆ ಹುಡುಕಿ.

ನಿಮ್ಮ ಮನೆಯಾಕೆ,
ಜಾಂಗಿಲ್

ಮತ್ತೆ: ಟ್ರಕ್ಕಿನವನು ಹಾರ್ನ್ ಬಡಿಯುತ್ತಿದ್ದಾನೆ. ಎಸೆನ್, ಒಂದು ಮಾತು. ಹೋದ ವರ್ಷ ಆಗಸ್ಟಿನಲ್ಲಿ ಆ ಕಾರನ್ನು ಕೊಂಡು ಮನೆಗೆ ತಂದ ದಿನ ನೆನಪಿದೆಯಾ? ಮಗು ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆಹೋಗಿದ್ದಳು. ಘಾಟಿ ಹತ್ತುವ ಮೊದಲು ನೀನು ಗಾಡಿ ನಿಲ್ಲಿಸಿ, ಅವಳನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಮಲಗಿಸಿದೆ. “ಹಿಂದೆ ಚಳಿ” ಅಂದೆ ನೀನು. ಅಂದು ಡಾಂಬರು ಕರಗುವ ಬಿಸಿಲು. ನಿನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ನಿನಗೆ ಆ ದಿನವೇ ಗೊತ್ತಿತ್ತು, ಅಲ್ಲವಾ? ಅತ್ತೆಗೆ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಪತ್ರದಲ್ಲಿ ಉತ್ತರ ಬರೆಯಬೇಡ. ಇಳಿದು ಬಂದು, ನನ್ನ ಮುಖ ನೋಡಿ ಹೇಳು.